ಗೂಳಪ್ಪನ ಕಿವಿಗೆ ಧಿಮ್ ಇಳಿದದ್ದು

ಬುದ್ಧಿ ಹಂಚುವ ಸಾಲಿನಲ್ಲಿ ಕಡೆಗೆ ನಿಂತು, ಪಾತ್ರೆ ತೊಳೆದ ನೀರಷ್ಟೇ ಕುಡಿದು ಬಂದವನು ಬ್ಯಾಡಗಿಯ ಗೂಳಪ್ಪ. ಅವನ ತಾಯಿ ಕಲ್ಲವ್ವ ಖಾರದ ಪುಡಿ ಮಾಡಿ ಮಾರುವಾಕಿ. ಗಂಡ ಮದುವೆ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಬ್ಯಾಂಡಿನ ಮೌಲಾಸಾಬ ಮಾಸ್ತರರು ಡ್ರಮ್ಮು ಮಗನಿಗೇ ಇರಲಿ ಅಂದರು. ಮೆರವಣಿಗೆಯ ಹಾಡುಗಳನ್ನು ಅವನ ಫೋನಿಗೆ ಹಾಕಿ, ಎರಡೂ ಕಿವಿಯೊಳಗೆ ತೂರಿಸುವ ಒಂದು ವೈರಿನ ಇಯರ್‌ಫೋನನ್ನೂ ಕೊಟ್ಟರು. ಮುಂದಿನ ಮದುವೆ ಬರುವಷ್ಟರಲ್ಲಿ ಕೇಳಿ ಕಲಿ, ಇಲ್ಲದಿದ್ದರೆ ಬೇರೆಯವನನ್ನು ಹುಡುಕಬೇಕಾಗುತ್ತದೆ ಅಂತ ಹೇಳಿ ಹೋದರು.

ಗೂಳಪ್ಪ ಕೇಳಿದ. ತುತ್ತೂರಿ ಕೇಳಿತು, ತಾಳ ಕೇಳಿತು, ಡ್ರಮ್ಮಿನ ಧಿಮ್ ಮಾತ್ರ ಇಲ್ಲ.

ಕಲ್ಲವ್ವ ನೋಡಿದರೆ ಇಯರ್‌ಫೋನು ಕಿವಿಯ ಬಾಗಿಲಲ್ಲೇ ಜೋತಾಡುತ್ತಿದೆ. ಸಂದಿಯಲ್ಲಿ ಗಾಳಿ ಆಡಿದರೆ ಧಿಮ್ ಸೋರಿಹೋಗುತ್ತದೆ, ಸಂದಿಯಿಲ್ಲದ ಹಾಗೆ ಮುಚ್ಚು ಅಂದಳು. ಅಂದವಳೇ ಮೆಣಸಿನಕಾಯಿ ಹುರಿಯಲು ಕೂತಳು. ಗೂಳಪ್ಪ ಬಾಗಿಲು ಮುಚ್ಚಿದ, ಕಿಟಕಿ ಮುಚ್ಚಿದ, ಹೊಸ್ತಿಲ ಸಂದಿಗೆ ಅವ್ವನ ಸೀರೆ ತುರುಕಿದ, ಗವಾಕ್ಷಿಗೆ ಗೋಣಿಚೀಲ ತುರುಕಿದ. ಘಾಟು ಏರಿತು. ತಾಯಿ ಕೆಮ್ಮಿದಳು, ಮಗ ಕೆಮ್ಮಿದ, ಗೋಡೆಯಾಚೆಯ ಮನೆಯವರೂ ಕೆಮ್ಮಿದರು.

"ಮನಿ ಅಲ್ಲೋ, ಕಿವಿ," ಅಂತ ಬೈದಳು. "ಕಿವಿ ಹಿಡಿದು ಮ್ಯಾಲೆ ಜಗ್ಗಬೇಕು, ಆಮ್ಯಾಲೆ ತಿರುವಿ ಒಳಗ ಹಾಕಬೇಕು."

"ಹಂಗ ಮಾಡ್ತೀನಿ ಬಿಡವ್ವ."

ಮರುದಿನ ಹಾಡು ಎಲ್ಲಿಗೆ ಬಂತು ಅಂತ ನೋಡಲು ಮಾಸ್ತರರು ಬಂದರು. ಅವರು ಕೂರುವ ಮೊದಲೇ ಗೂಳಪ್ಪ ಅವರ ಕಿವಿ ಹಿಡಿದು ಮೇಲಕ್ಕೆ ಜಗ್ಗಿದ, ತಿರುವಿ ಇಯರ್‌ಫೋನು ಒಳಗೆ ಹಾಕಿದ. ಟೋಪಿ ಬಿತ್ತು. ಧಿಮ್ ಏನೋ ಮಾಸ್ತರರಿಗೆ ಚೆನ್ನಾಗಿಯೇ ಕೇಳಿತು.

ಕಲ್ಲವ್ವ ಮತ್ತೆ ಬೈದಳು. ಜಗ್ಗುವುದು ನಿನ್ನ ಕಿವಿಯನ್ನು, ಊರವರದ್ದಲ್ಲ. ಇಯರ್‌ಫೋನಿನ ತುದಿಯ ಈ ಸಣ್ಣ ರಬ್ಬರು ನಿನಗೆ ಹಿಡಿಯುವುದಿಲ್ಲ, ಅದರ ಡಬ್ಬಿಯಲ್ಲಿರುವ ದೊಡ್ಡದನ್ನು ಹಾಕು. ಹಾಕಿ ತಲೆ ಅಲ್ಲಾಡಿಸು, ಬೀಳಬಾರದು.

ಗೂಳಪ್ಪ ಕಟ್ಟೆಯ ಮೇಲೆ ಕೂತು ಅತ್ತಿಂದಿತ್ತ ತಲೆ ಅಲ್ಲಾಡಿಸತೊಡಗಿದ. ಅಷ್ಟರಲ್ಲಿ ಮದುವೆ ಗಂಡಿನ ಅಪ್ಪ ಬಂದರು. ಬ್ಯಾಂಡು ಬರುತ್ತದೆ ತಾನೇ ಅಂತ ಕೇಳಿದರು. ತಲೆ ಅಡ್ಡಡ್ಡ ಆಡಿತು. ಕುದುರೆ ಗೊತ್ತುಮಾಡಿದ್ದಾರೆಯೇ? ಅಡ್ಡಡ್ಡ. ಮಾಸ್ತರರಾದರೂ ಇದ್ದಾರೋ ಇಲ್ಲವೋ? ಅದಕ್ಕೂ ಅಡ್ಡಡ್ಡ. ಅವರು ಕಣ್ಣೊರೆಸಿಕೊಳ್ಳುತ್ತ ಬೇರೆ ಬ್ಯಾಂಡು ಹುಡುಕಲು ಹೊರಟರು. ಮಾಸ್ತರರು ಸೈಕಲ್ಲಿನಲ್ಲಿ ಬೆನ್ನಟ್ಟಿ, ತಾವು ಬದುಕಿರುವುದನ್ನು ನಂಬಿಸಿ ಕರೆತರಬೇಕಾಯಿತು.

ಈ ಸಲ ಕಲ್ಲವ್ವನಿಗೆ ಬೈಯಲೂ ತ್ರಾಣವಿರಲಿಲ್ಲ. ಮಗನನ್ನು ಬೆಳಕಿಗೆ ಕೂರಿಸಿ ಕಿವಿ ನೋಡಿದಳು. ಎಡಗಿವಿಯ ತೂತು ದೊಡ್ಡದು, ಬಲದ್ದು ಕಿರಿದು. ಎಡಕ್ಕೆ ದೊಡ್ಡ ರಬ್ಬರು, ಬಲಕ್ಕೆ ನಡುವಿನದು ಹಾಕಿ, ತಾನೇ ಕಿವಿ ಜಗ್ಗಿ ಕೂರಿಸಿದಳು. ಗೂಳಪ್ಪ ಕದಲಲಿಲ್ಲ. ಧಿಮ್ ಬಂದಿತ್ತು. ತುತ್ತೂರಿಯನ್ನು ನುಂಗಲಿಲ್ಲ, ತುತ್ತೂರಿಯ ಅಡಿಗೂ ಬೀಳಲಿಲ್ಲ. ಅವನ ಕೈ ತಾನಾಗಿ ತೊಡೆಯ ಮೇಲೆ ಬಾರಿಸತೊಡಗಿತು. ಅದು ಅವನ ಅಪ್ಪನ ಪೆಟ್ಟೇ. ಕಲ್ಲವ್ವ ಮುಖ ಒಲೆಯ ಕಡೆ ತಿರುಗಿಸಿಕೊಂಡಳು.

"ಈಗ ಕುಂತೈತಿ. ಕದಲಿಸಬ್ಯಾಡ," ಅಂದಳು.

ಗೂಳಪ್ಪ ಕದಲಿಸಲಿಲ್ಲ. ಮದುವೆಯ ದಿನವೂ ಕದಲಿಸಲಿಲ್ಲ. ಅಂಗಿ ಜೇಬಿನಲ್ಲಿ ಫೋನು, ಕಿವಿಯಲ್ಲಿ ಹಾಡು, ಹೊಟ್ಟೆಯ ಮೇಲೆ ಡ್ರಮ್ಮು. ಹೊಡೆದ ಪೆಟ್ಟಿಗೆ ಮುದುಕರೂ ಕುಣಿದರು. ತಿರುವಿನಲ್ಲಿ ಮೆರವಣಿಗೆ ಕಲ್ಯಾಣಮಂಟಪದ ಕಡೆ ಎಡಕ್ಕೆ ಹೊರಳಿತು, ಮಾಸ್ತರರು ಕೂಗಿದರು. ಗೂಳಪ್ಪನಿಗೆ ಹಾಡೊಂದೇ ಕೇಳುತ್ತಿತ್ತು. ನೆಟ್ಟಗೆ ನಡೆದ. ಡ್ರಮ್ಮಿನ ಹಿಂದೆ ನಡೆದೇ ರೂಢಿಯಾದ ಕುದುರೆಯೂ ನೆಟ್ಟಗೆ ನಡೆಯಿತು, ಮೇಲೆ ಕೂತ ಮದುಮಗನೂ ಜೊತೆಗೇ ಹೋದ. ಮುಹೂರ್ತ ಹತ್ತಿರ ಬರುತ್ತಿತ್ತು. ಇವರು ಮೆಣಸಿನಕಾಯಿ ಮಾರುಕಟ್ಟೆ ಹೊಕ್ಕಿದ್ದರು.

ಕಲ್ಲವ್ವ ಸೆರಗು ಕಟ್ಟಿಕೊಂಡು ಓಡಿದಳು. ಚೀಲಗಳ ನಡುವೆ ಮಗನ ಕೈಲಿದ್ದ ಡ್ರಮ್ಮಿನ ಕೋಲು ಹಿಡಿದು ನಿಲ್ಲಿಸಿ, ಕಿವಿಯಿಂದ ಎರಡನ್ನೂ ಕಿತ್ತಳು.

"ಹಾಡು ಕೇಳು, ಬ್ಯಾಡ ಅನ್ನಂಗಿಲ್ಲ. ಆದ್ರ ನನಗೂ ಒಂದು ಕಿವಿ ಕೊಡಬೇಕೋ ಬ್ಯಾಡೋ?"

ಗೂಳಪ್ಪ ಒಂದು ಗಳಿಗೆ ಯೋಚಿಸಿದ. ಒಂದನ್ನು ತನ್ನ ಕಿವಿಗೆ ಹಾಕಿಕೊಂಡ. ಇನ್ನೊಂದನ್ನು, ಅವ್ವನ ಕಿವಿ ಹಿಡಿದು ಮೆಲ್ಲಗೆ ಮೇಲಕ್ಕೆ ಜಗ್ಗಿ, ತಿರುವಿ ಕೂರಿಸಿದ. ವೈರು ಗಿಡ್ಡ. ಮಂಟಪದವರೆಗೂ ಕಲ್ಲವ್ವ ಡ್ರಮ್ಮಿಗೆ ಅಂಟಿಕೊಂಡೇ ನಡೆದಳು. ಹಿಂದೆ ಕುದುರೆ, ಕುದುರೆಯ ಮೇಲೆ ಸೀನುತ್ತಿರುವ ಮದುಮಗ.