ದಡದ ದೋಣಿಯಲ್ಲಿ ಹುಂಜ

ಕಡಲಿನಷ್ಟೇ ದೊಡ್ಡ ಬಾಯಿಯ ಹುಂಜವೊಂದಿತ್ತು. ಮಳೆಗಾಲಕ್ಕೆಂದು ದಡಕ್ಕೆ ಎಳೆದು, ತೆಂಗಿನ ಮಡಲು ಹೊದೆಸಿಟ್ಟ ಹಾಯಿದೋಣಿಯಲ್ಲಿ ಅದು ಬಿಡಾರ ಹೂಡಿತು. ದಿನಾ ದೋಣಿಯ ಮೂತಿಯ ಮೇಲೆ ನಿಂತು, "ನಿನ್ನೆ ತಾಳೆಮರದೆತ್ತರದ ತೆರೆ ಬಂತು ಕಣ್ರೇ! ಒಂದು ಕೂಗು ಹಾಕಿದೆ, ಹೆದರಿ ಹಿಂದಕ್ಕೆ ಓಡಿತು" ಎಂದು ಹೇಂಟೆಗಳಿಗೆ ಕೊಚ್ಚಿಕೊಳ್ಳುತ್ತಿತ್ತು.

"ರೀ, ಗೂಡಿಗೆ ಯಾವಾಗ ಬರ್ತೀರಿ?" ಎಂದಿತು ಹೆಂಡತಿ.

"ಗೂಡೇ? ನನ್ನ ಜಾಗ ಬಾತುಕೋಳಿಗೆ ಕೊಡು. ಇನ್ನು ನನ್ನ ಸಂಸಾರ ಕಡಲಿನ ಮೇಲೆ."

ಮಳೆ ನಿಂತಿತು. ದೋಣಿಯೇ ಬಾಯಿಬಿಟ್ಟಿತು: "ಹುಂಜಣ್ಣ, ನಾಳೆ ನನ್ನನ್ನು ನೀರಿಗಿಳಿಸುತ್ತಾರೆ. ಇರುತ್ತೀಯೋ, ಇಳಿಯುತ್ತೀಯೋ?"

ಹೇಂಟೆಗಳೆಲ್ಲ ಕೇಳಿಸಿಕೊಳ್ಳುತ್ತಿದ್ದವು. ಹುಂಜದ ಕಾಲು ಇಳಿಯಲು ಹೊರಟಿತು, ಬಾಯಿ ಮಾತ್ರ ಕೇಳಲಿಲ್ಲ. "ಇಳಿಯುವುದೇ? ನಾನೇ?"

ಮರುದಿನ ಮೀನುಗಾರರು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ದೋಣಿಯನ್ನು ತಳ್ಳಿದರು. ಗೇಣುದ್ದದ ತೆರೆಯೊಂದು ಅದನ್ನು ಮೆಲ್ಲಗೆ ಎತ್ತಿತು.

"ಅಯ್ಯಯ್ಯೋ, ನೆಲ ಅಲ್ಲಾಡ್ತಿದೆ!" ಎಂದು ಹುಂಜ ಹಾರಿ, ನೀರಿಗೆ ಬಿದ್ದು, ತೊಯ್ದ ಚಿಂದಿಯಂತೆ ದಡಕ್ಕೆ ತೆವಳಿತು.

ಯಾರೂ ನಗಲಿಲ್ಲ. ಹೆಂಡತಿ ಗೂಡಿನಲ್ಲಿ ತುಸು ಸರಿದು ಕೂತಿತು. "ಬನ್ನಿ, ನಿಮ್ಮ ಜಾಗ ಯಾರಿಗೂ ಕೊಟ್ಟಿಲ್ಲ."

ಹುಂಜ ರೆಕ್ಕೆಯೊಳಗೆ ಮುಖ ಹುದುಗಿಸಿತು. ಮರುದಿನ ಬೆಳಗಾದರೂ ಅದು ಕೂಗಲಿಲ್ಲ. ಊರಿಗೆ ಊರೇ ಮಧ್ಯಾಹ್ನದವರೆಗೆ ಮಲಗಿತ್ತು.