ತಿಪ್ಪೇಶ ಮೇಲ್ ಕಳಿಸಿದ್ದು

ಕೇಳೋರೆಲ್ಲ ಹತ್ತಿರ ಬನ್ನಿ. ನಗು ಬಂದರೆ ನಕ್ಕುಬಿಡಿ, ಕೊಟ್ರಮ್ಮನ ಕಿವಿಗೆ ಮಾತ್ರ ಬೀಳದ ಹಾಗೆ ನೋಡಿಕೊಳ್ಳಿ.

ದಾವಣಗೆರೆಯಲ್ಲಿ ಕೊಟ್ರಮ್ಮ ಅಂತ ಒಬ್ಬಳು. ಅವಳಿಗೆ ತಿಪ್ಪೇಶ ಅಂತ ಒಬ್ಬನೇ ಮಗ. ಆಳು ನೋಡಿದರೆ ಕಂಬ, ಬುದ್ಧಿ ನೋಡಿದರೆ ಕುಂಬಳಕಾಯಿ. ‘ಹಾಲು ನೋಡ್ಕೊಳ್ಳೋ’ ಅಂದರೆ ಹಾಲು ಉಕ್ಕಿ, ಒಲೆ ಆರಿ, ಪಾತ್ರೆ ಖಾಲಿಯಾಗೋವರೆಗೂ ನೋಡ್ತಾನೇ ಇರ್ತಾನೆ. ‘ಯಾಕೋ ಹೀಗ್ಮಾಡ್ದೆ?’ ಅಂದರೆ, ‘ನೋಡು ಅಂದ್ಯಲ್ಲಮ್ಮಾ, ನೋಡ್ದೆ!’

ಗಂಡ ತೀರಿಕೊಂಡ ಮೇಲೆ ಮನೆ ರಿಪೇರಿ ಅಂಗಡಿ ಕೊಟ್ರಮ್ಮನ ತಲೆಗೆ ಬಂತು. ನಲ್ಲಿ ಸೋರಿದರೆ, ನೀರಿನ ತೊಟ್ಟಿ ತೊಳೀಬೇಕಾದರೆ, ತಾರಸಿಯಲ್ಲಿ ನೀರು ಇಳಿದರೆ ಹೋಗಿ ಮಾಡೋದು ಹಾಲೇಶಪ್ಪ. ಗಂಡನ ಕಾಲದ ಕೆಲಸಗಾರ, ಕಷ್ಟದಲ್ಲೂ ಬಿಟ್ಟು ಹೋಗದ ಮನುಷ್ಯ. ಆದರೆ ಊರಿಗೆ ಇದೇ ಕೆಲಸದ ಒಂದು ದೊಡ್ಡ ಕಂಪನಿ ಬಂತು. ನೀಲಿ ಟೋಪಿ ಹಾಕ್ಕೊಂಡವರು ಬೈಕಿನಲ್ಲಿ ಓಡಾಡಿದರು. ಕೊಟ್ರಮ್ಮನ ಅಂಗಡಿಗೆ ನೊಣ ಬಿಟ್ಟರೆ ಇನ್ಯಾರೂ ಬರದ ಹಾಗಾಯಿತು.

ಒಂದು ದಿನ ಹಾಲೇಶಪ್ಪ ಅಂದ: “ಅಕ್ಕಾ, ಯಜಮಾನರು ಬಿಲ್ಲೆಲ್ಲ ಮೇಲ್‌ನಲ್ಲೇ ಕಳಿಸ್ತಿದ್ರು. ಹಳೇ ಗಿರಾಕಿಗಳ ವಿಳಾಸ ಆ ಕಂಪ್ಯೂಟರ್‌ನಾಗೇ ಐತೆ. ಎಲ್ಲರಿಗೂ ಒಂದೊಂದು ಮೇಲ್ ಹೋದ್ರೆ ನಮ್ಮ ನೆನಪಾಗ್ತದೆ.”

ಕೊಟ್ರಮ್ಮನಿಗೆ ಟೈಪು ಬರದು. ತಿಪ್ಪೇಶನಿಗೆ ಬರೋ ವಿದ್ಯೆ ಅಂದರೆ ಅದೊಂದೇ.

“ತಿಪ್ಪೇಶಾ, ಮಳೆಗಾಲ ಬಂತು, ತಾರಸಿ ಸೋರ್ತದೆ ಅಂತ ಎಲ್ಲರಿಗೂ ಮೇಲ್ ಹಾಕು ಮಗಾ.”

“ಆಯ್ತಮ್ಮಾ!”

ಏನು ಹಾಕಿದ? ‘ಮಳೆಗಾಲ ಬಂತು. ನಿಮ್ಮ ತಾರಸಿ ಸೋರ್ತದೆ.’ ಮುಗೀತು! ನಾವು ಬಂದು ಸರಿ ಮಾಡ್ತೀವಿ ಅಂತಿಲ್ಲ, ನಮಸ್ಕಾರ ಅಂತಿಲ್ಲ. ಓದಿದವರು ಕೊಡೆ ಹಿಡಿದು ತಾರಸಿ ಹತ್ತಿದರು, ಇಳಿದರು, ಸಿಟ್ಟಾದರು. ಒಬ್ಬರಂತೂ ಅಂಗಡಿಗೇ ಬಂದರು. “ಮೊನ್ನೆ ತಾನೇ ಗೃಹಪ್ರವೇಶ ಮಾಡೀವಿ! ಶಾಪ ಹಾಕ್ತೀರೇನ್ರೀ?”

ಕೊಟ್ರಮ್ಮ ಕೈ ಮುಗಿದು ಕಳಿಸಿ, ಮಗನ ಕಡೆ ತಿರುಗಿದಳು. “ಅಯ್ಯೋ ನನ್ನ ಕರ್ಮವೇ! ಮೇಲ್ ಅಂದ್ರೆ ಮನೆಗೆ ಹೋದಂಗೆ ಕಣೋ. ಹೆಸರು ಹಿಡಿದು, ಮನೆಯವರೆಲ್ಲರ ಕುಶಲ ಕೇಳಬೇಕು!”

“ಹಂಗಾ? ಮೊದ್ಲೇ ಹೇಳಬಾರದಾ ಅಮ್ಮಾ!”

ಮರುದಿನ ಕುಶಲ ಕೇಳಿದ. ನೀವು ಹೇಗಿದೀರಿ, ನಿಮ್ಮ ಅತ್ತೆ ಹೇಗಿದಾರೆ, ಮಾವ ಹೇಗಿದಾರೆ, ನಾಯಿ ಇದ್ದರೆ ನಾಯಿ ಹೇಗಿದೆ? ಬರೀ ಕುಶಲ! ಕೆಲಸದ ಮಾತು ಒಂದಕ್ಷರ ಇಲ್ಲ. ಜಗಳ ಆಡಿ ಹೆಂಡತಿ ತವರಿಗೆ ಹೋಗಿದ್ದ ಒಬ್ಬ ಮೇಷ್ಟ್ರಿಗೆ, ‘ನಿಮ್ಮ ಮನೆಯವರು ಸುಖವಾಗಿದಾರಾ?’ ಅಂತ ಹೋಯ್ತು. ಮೇಷ್ಟ್ರು ಫೋನ್ ಮಾಡಿ, “ಊರಿಗೆಲ್ಲ ಗೊತ್ತಾಯ್ತೇನಮ್ಮಾ?” ಅಂತ ಅತ್ತೇಬಿಟ್ಟರು. ಅವರನ್ನ ಸಮಾಧಾನ ಮಾಡೋ ಹೊತ್ತಿಗೆ ಒಲೆ ಮೇಲಿದ್ದ ಸಾರು ಸೀದು ಹೋಯ್ತು.

“ಪೆದ್ದು ಮುಂಡೇದೆ! ಕುಶಲ ಕೇಳ್ಕೊಂಡು ಕೂತ್ರೆ ಹೊಟ್ಟೆ ತುಂಬ್ತದಾ? ತೊಟ್ಟಿ ತೊಳೀತೀವಿ ಅಂತ ಬರಿ. ಒಂದ್ಸಲ ಹೇಳಿ ಸುಮ್ಮನಾಗಬೇಡ. ನೆನಪು ಮಾಡ್ತಾ ಇರು!”

“ಹಂಗಾ? ಮೊದ್ಲೇ ಹೇಳಬಾರದಾ ಅಮ್ಮಾ!”

ನೆನಪು ಮಾಡಿದ. ಹಲ್ಲುಜ್ಜುವಾಗ ತನಗೆ ನೆನಪಾಯ್ತು, ಒಂದು ಮೇಲ್ ಹಾಕಿದ: ‘ತೊಟ್ಟಿ ತೊಳೀತೀವಿ, ನೆನಪಿದೆಯಾ?’ ಮಂಡಕ್ಕಿ ತಿನ್ನುವಾಗ ನೆನಪಾಯ್ತು, ‘ತೊಟ್ಟಿ! ನೆನಪಿದೆಯಾ?’ ಮಧ್ಯಾಹ್ನ ಕಣ್ಣು ಹತ್ತಿತ್ತು, ದಡಕ್ಕನೆ ಎದ್ದು, ‘ಮಲಗಿದ್ದೆ. ಈಗ ಎದ್ದೆ. ತೊಟ್ಟಿ!’ ಸಂಜೆಗೆ ಜನ ಬೇಡ ಬೇಡ ಅಂತ ಉತ್ತರ ಬರೆದರು. ಮಹಿಳಾ ಸಂಘದ ಪಂಕಜಾಕ್ಷಿ ಮೇಡಂ ಅಂತೂ, ‘ಇನ್ನೊಂದು ಸಲ ತೊಟ್ಟಿ ಅಂದರೆ ಜೋಕೆ!’ ಅಂತ ಬರೆದಿದ್ದರು.

ಕೊಟ್ರಮ್ಮ ಹಣೆ ಬಡಕೊಂಡಳು. “ಬೇಡ ಅಂದವರನ್ನ ಪೀಡಿಸಬಾರದು ಕಣೋ! ಯಾರ್ಯಾರು ಬೇಡ ಅಂದಾರೋ ಅವರ ಹೆಸರು ಕಿತ್ತು ಹಾಕು, ಈಗಲೇ!”

“ಹಂಗಾ? ಮೊದ್ಲೇ ಹೇಳಬಾರದಾ ಅಮ್ಮಾ!”

ಸ್ಕ್ರೂಡ್ರೈವರ್ ತಗೊಂಡು ಹೊರಟೇಹೋದ. ಕತ್ತಲಾಗೋ ಮುಂಚೆ ಬಂದ, ಹೆಗಲ ಮೇಲೆ ಒಂದು ಚೀಲ. ಚೀಲ ಕೊಡವಿದರೆ ಏನು? ಗೇಟಿನ ಹೆಸರಿನ ಫಲಕಗಳು! ಹಿತ್ತಾಳೆಯದು, ಕಲ್ಲಿನದು, ಮರದ್ದು. “ಎಲ್ಲರ ಹೆಸರೂ ಕಿತ್ತು ಹಾಕ್ದೆ ಅಮ್ಮಾ! ಡಾಕ್ಟ್ರ ಹೆಸರು ಸ್ವಲ್ಪ ಬಿಗಿ ಇತ್ತು.”

ಕೊಟ್ರಮ್ಮ ಬೈಯಲಿಲ್ಲ. ಕೂತಲ್ಲೇ ಸೆರಗು ಬಾಯಿಗೆ ಇಟ್ಟುಕೊಂಡಳು. ಇನ್ನು ಅಂಗಡಿ ಮುಚ್ಚೋದೇ ಸೈ, ಹಾಲೇಶಪ್ಪನ ಮುಖ ಹೇಗೆ ನೋಡಲಿ ಅನ್ನಿಸಿತು. ಆಮೇಲೆ ಮೆಲ್ಲಗೆ ಅಂದಳು: “ಬೆಳಿಗ್ಗೆ ಎದ್ದು ಒಂದೊಂದೇ ಮನೆಗೆ ಹೋಗು. ಹೆಸರು ಇದ್ದ ಕಡೆಯೇ ಕೂರಿಸು. ತಪ್ಪಾಯ್ತು ಅನ್ನು. ಅವರು ‘ಆಯ್ತು ಹೋಗಪ್ಪಾ’ ಅನ್ನೋವರೆಗೂ ಅಲ್ಲಿಂದ ಅಲುಗಬೇಡ.”

ಬೆಳಿಗ್ಗೆ ಹೋದ. ಒಬ್ಬರು ಬೈದು ‘ಹೋಗಪ್ಪಾ’ ಅಂದರು, ಒಬ್ಬರು ನಕ್ಕು ‘ಹೋಗಪ್ಪಾ’ ಅಂದರು. ಕೊನೆಗೆ ಪಂಕಜಾಕ್ಷಿ ಮೇಡಂ ಮನೆ. ಫಲಕ ಕೂರಿಸಿದ, ಗಂಟೆ ಒತ್ತಿದ. ಯಾರೂ ಇಲ್ಲ. ಪೇಪರಿನವನು ಬಂದ, ಕರೆದ, ಹೋದ. ಹೂವಿನವಳು ಬಂದಳು, ಕರೆದಳು, ಹೋದಳು. ತಿಪ್ಪೇಶ ನಿಂತೇ ಇದ್ದ. ‘ಹೋಗಪ್ಪಾ’ ಅನ್ನಬೇಕಲ್ಲ!

ಅಷ್ಟು ಹೊತ್ತೂ ಗುರ್ ಅಂತಿದ್ದ ಪಕ್ಕದ ಮನೆಯ ಮಿಕ್ಸಿ ನಿಂತಿತು. ಆಗ ಹಿತ್ತಲಿನಿಂದ ಧಬ್ ಧಬ್ ಅಂತ ಕೇಳಿಸಿತು. ಹೋಗಿ ನೋಡಿದರೆ ಸದ್ದು ಬಚ್ಚಲುಮನೆಯಿಂದ! ಮನೆಯವರೆಲ್ಲ ರಾಣೆಬೆನ್ನೂರಿಗೆ ಮದುವೆಗೆ ಹೋಗಿದ್ದರು, ಮೇಡಂ ಒಬ್ಬರೇ. ಒಳಗಿನ ಚಿಲಕ ಸಿಕ್ಕಿಕೊಂಡಿತ್ತು.

“ಮೇಡಂ, ತಪ್ಪಾಯ್ತು!” ಅಂದ ತಿಪ್ಪೇಶ.

“ಯಾರಪ್ಪಾ ಅದು? ಬಾಗಿಲು ತೆಗೆಯೋ ಪುಣ್ಯಾತ್ಮಾ! ಉಸಿರು ಕಟ್ತಾ ಇದೆ!”

“ತಪ್ಪಾಯ್ತು ಅಂದ್ನಲ್ಲಾ ಮೇಡಂ, ‘ಹೋಗಪ್ಪಾ’ ಅನ್ನಿ!”

“ಹೋಗಬೇಡ! ಹೋಗಬೇಡವೋ! ಬಾಗಿಲು ತೆಗಿ!”

ತೆಗಿ ಅಂದರು, ತೆಗೆದ. ಬೇರೆಯವನಾಗಿದ್ದರೆ ಚಿಲಕದ ಜೊತೆ ಗುದ್ದಾಡುತ್ತಿದ್ದ, ಜನ ಕರೆಯೋಕೆ ಓಡುತ್ತಿದ್ದ. ಇವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಹೊರಗಿದ್ದ ಬಿಜಾಗರಿ ತಿರುಪು ಬಿಚ್ಚಿ, ಬಾಗಿಲನ್ನೇ ಎತ್ತಿ ದಾಸವಾಳದ ಗಿಡಕ್ಕೆ ಒರಗಿಸಿದ!

ಕೊಟ್ರಮ್ಮ ಅಂಗಡಿ ಮುಂದೆ ದಾರಿ ಕಾಯ್ತಿದ್ದಳು. ಮಗನ ಹಿಂದೆ ಪಂಕಜಾಕ್ಷಿ ಮೇಡಂ ಬರೋದು ಕಂಡು ಓಡಿ ಹೋಗಿ ಕೈ ಮುಗಿದಳು. “ಮೇಡಂ, ಏನ್ ಮಾಡಿದ್ದರೂ ಹೊಟ್ಟೆಗೆ ಹಾಕ್ಕೊಳ್ಳಿ, ಅವನಿಗೆ ತಿಳಿಯಲ್ಲ…”

ಮೇಡಂ ಅವಳ ಎರಡೂ ಕೈ ಹಿಡಿದುಕೊಂಡರು. “ಕೊಟ್ರಮ್ಮಾ, ಬುದ್ಧಿವಂತರೆಲ್ಲ ಗೇಟಿನ ಹತ್ತಿರ ಬಂದು ಹೋದ್ರು. ನಿನ್ನ ಮಗ ನಿಂತ. ನಿನ್ನ ಹೊಟ್ಟೆ ತಣ್ಣಗಿರಲಿ!”

ಇಷ್ಟು ವರ್ಷದಲ್ಲಿ ಮಗನ ಮೇಲೆ ದೂರು ಬಿಟ್ಟು ಬೇರೆ ಮಾತು ಕೇಳಿರಲಿಲ್ಲ ಆ ತಾಯಿ. ಒಳಗೆ ಹೋಗಿ ಎಲ್ಲರಿಗೂ ಟೀ ಮಾಡಿದಳು, ಸಕ್ಕರೆ ಹಾಕೋದೇ ಮರೆತಳು. ಯಾರೂ ಹೇಳಲಿಲ್ಲ, ಕುಡಿದರು.

ಮೇಡಂ ಮನೆಗೆ ಹೋಗಿ ಸಂಘದವರಿಗೆಲ್ಲ ತಾವೇ ಮೇಲ್ ಬರೆದರು, ನಡೆದದ್ದು ನಡೆದ ಹಾಗೆ. ಆಮೇಲೆ ನೋಡಿ! ಒಂದು ಮನೆಯ ನಲ್ಲಿ, ಇನ್ನೊಂದು ಮನೆಯ ತಾರಸಿ, ಮತ್ತೊಂದು ಮನೆಯ ಚಿಲಕ. ಹಾಲೇಶಪ್ಪನಿಗೆ ರೊಟ್ಟಿ ತಿನ್ನೋಕೆ ಪುರುಸೊತ್ತಿಲ್ಲ. ಹೆಂಡತಿ ವಾಪಸ್ ಬಂದಿದ್ದ ಮೇಷ್ಟ್ರೂ ತೊಟ್ಟಿ ತೊಳೆಸಿದರು.

ಕೊಟ್ರಮ್ಮ ದೇವರಿಗೆ ದೀಪ ಹಚ್ಚಿ, ಮಗನನ್ನ ಕಂಪ್ಯೂಟರ್ ಮುಂದೆ ಕೂರಿಸಿದಳು. “ಮುಳುಗೋ ಹೊತ್ತಿನಾಗೆ ಕೈ ಹಿಡಿದ ಜನ ಕಣಪ್ಪಾ. ಈ ಋಣ ದೊಡ್ಡದು. ನಿಮ್ಮಿಂದ ನಮ್ಮ ಅಂಗಡಿ ಉಳೀತು ಅಂತ ಎಲ್ಲರಿಗೂ ಬರಿ. ಎರಡೂ ಕೈ ಜೋಡಿಸಿ ಬರೀಬೇಕು, ತಿಳೀತಾ?”

“ತಿಳೀತಮ್ಮಾ!”

ಪಾಯಸಕ್ಕೆ ಶಾವಿಗೆ ಹುರಿದು ಅವಳು ವಾಪಸ್ ಬಂದು ನೋಡ್ತಾಳೆ, ಏನು ನೋಡ್ತಾಳೆ! ತಿಪ್ಪೇಶ ಎರಡೂ ಕೈ ಎದೆಗೆ ಜೋಡಿಸಿ ಭಕ್ತಿಯಿಂದ ಕೂತಿದ್ದಾನೆ. ಕೈ ಖಾಲಿ ಇಲ್ಲ, ಮೂಗು ಖಾಲಿ ಇತ್ತಲ್ಲ! ಟಕ್ ಟಕ್ ಅಂತ ಮೂಗಿನಿಂದ ಟೈಪು ಮಾಡ್ತಿದ್ದಾನೆ. ಮೂಗೋ ಬದನೆಕಾಯಿ, ಒಂದು ಕೀ ಒತ್ತಿದರೆ ಮೂರು ಅಕ್ಷರ! ‘ನನನಮಸಸ್ಕಕಾರರಗಹ’ ಅಂತ ಶುರುವಾಗಿ ಪುಟ ತುಂಬಿತ್ತು.

“ಅಯ್ಯೋ! ಕೈ ಬಿಡೋ, ಕೈ ಬಿಡು!” ಅಂತ ಕೂಗಿದಳು ಕೊಟ್ರಮ್ಮ.

“ಬಿಡೋದಾ? ಅವರು ನಮ್ಮ ಕೈ ಬಿಡಲಿಲ್ಲ, ನಾವು ಬಿಡಬಹುದಾ ಅಮ್ಮಾ?” ಅಂದ ತಿಪ್ಪೇಶ. ಅಂದವನೇ ಬಗ್ಗಿ, ಕೆಂಪಾದ ಮೂಗಿನಿಂದ ಒಂದೇ ಏಟಿಗೆ ಊರಿಗೆಲ್ಲ ಕಳಿಸಿಯೇಬಿಟ್ಟ!