ಆರು ತಿಂಗಳು ದಾಟಿದ ಓಲೆ

ಕಾಡಿನವರ ಓಲೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಪಾರಿವಾಳದ ಕಸುಬು. ಒಂದು ಓಲೆ ಪರರ ಕೈ ಸೇರಿದರೂ ಗಿರಾಕಿಗಳು ಮತ್ತೆ ಇತ್ತ ತಲೆಹಾಕುವುದಿಲ್ಲವೆಂದು ಅದಕ್ಕೆ ಗೊತ್ತಿತ್ತು. ಒಂದು ದಿನ ಸಿಂಹರಾಜನ ಅಧಿಕಾರಿ ನರಿ, ಕರಡಿ ಪೇದೆಯೊಡನೆ ಬಂತು.

“ಪಾರಿವಾಳಮ್ಮ, ಆರು ತಿಂಗಳು ದಾಟಿದ ಓಲೆಗಳನ್ನೆಲ್ಲ ಇಳಿಸು.”

“ರಾಜಮುದ್ರೆಯ ಅಪ್ಪಣೆ ತಂದಿದ್ದೀರಾ, ಸ್ವಾಮಿ?”

“ಅಪ್ಪಣೆ ಹೊಸದಕ್ಕೆ ಮಾತ್ರ. ಹಳೆಯದು ವಾರಸುದಾರರಿಲ್ಲದ ಮಾಲು. ಕಾನೂನು ಗೊತ್ತಿಲ್ಲವೇ?”

“ಈಗ ಗೊತ್ತಾಯಿತು. ತಗೊಳ್ಳಿ, ಇದು ಎಲ್ಲಕ್ಕಿಂತ ಹಳೆಯದು. ತೋಳರಾಯರು ಇಡಲು ಕೊಟ್ಟದ್ದು, ಅವರಿಗೆ ಬರೆದವರು ತಾವೇ, ಸ್ವಾಮಿ. ಕರಡಿಯಣ್ಣ, ಒಡೆದು ಗಟ್ಟಿಯಾಗಿ ಓದಪ್ಪ.”

ನರಿ ತಟ್ಟನೆ ಓಲೆಯ ಮೇಲೆ ಕಾಲಿಟ್ಟಿತು. “ತಡಿ, ತಡಿ! ಅಪ್ಪಣೆಯಿಲ್ಲದೆ ಓದುವುದುಂಟೇ?”

ಎಷ್ಟೇ ಹಳೆಯ ಓಲೆಗೂ ರಾಜಮುದ್ರೆ ಬೇಕೆಂಬ ಕಾನೂನನ್ನು ಸಂಜೆಯೊಳಗೆ ನರಿಯೇ ಓಡಾಡಿ ಮಾಡಿಸಿತು. ಪಾರಿವಾಳ ಅದನ್ನು ಬಾಗಿಲಿಗೆ ತೂಗುಹಾಕಿ, ನೆಮ್ಮದಿಯಾಗಿ ಕಾಳು ತಿನ್ನಲು ಕೂತಿತು.